ಹಾವು ಕಚ್ಚಿದರೆ ಹಗ್ಗ ಬೇಡ, ದಬ್ಬೆ ತನ್ನಿ

ಕೇಳುಗರಿಗೆಲ್ಲ ನಮಸ್ಕಾರ. ಮಳೆ ಹಿಡಿದಿದೆ. ಶಿರಸಿ, ಸಿದ್ದಾಪುರದ ಕಡೆ ತೋಟದ ಕೆಲಸ, ಅಂಕೋಲಾ, ಕುಮಟಾದ ಕಡೆ ಗದ್ದೆ ನಾಟಿ. ಕಾಲಿಟ್ಟಲ್ಲೆಲ್ಲ ಹುಲ್ಲು. ಹಾವು ಕಚ್ಚುವುದೂ ಈಗಲೇ ಹೆಚ್ಚು.

ಕಚ್ಚಿದ ಕೂಡಲೇ ನಮ್ಮವರು ಹುಡುಕುವುದು ಹಗ್ಗ. ಬಾಳೆನಾರೋ ಟವೆಲ್ಲೋ, ಸಿಕ್ಕಿದ್ದರಲ್ಲಿ ಬಿಗಿಯುತ್ತಾರೆ. ದಯವಿಟ್ಟು ಬಿಗಿಯಬೇಡಿ. ರಕ್ತ ಓಡದೆ ಕಾಲೇ ಕೊಳೆತೀತು. ಕೊಳಕುಮಂಡಲ ಹಾವಿನ ವಿಷ ಮೊದಲೇ ಮಾಂಸ ಕೆಡಿಸುವಂಥದ್ದು. ಬಿಗಿದರೆ ಹಾನಿ ಇನ್ನೂ ಹೆಚ್ಚು. ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ಹೀರುವುದು, ಸೊಪ್ಪು ಅರೆದು ಹಚ್ಚುವುದು, ಯಾವುದೂ ಬೇಡ.

ಬೇಕಾದದ್ದು ಅಡಿಕೆ ದಬ್ಬೆ, ಅಡಿಕೆ ಮರ ಸೀಳಿದ ಪಟ್ಟಿ. ಅದಕ್ಕೆ ನಮ್ಮಲ್ಲಿ ಬರವೇ? ಕಾಲಿಗೆ ಕಚ್ಚಿದ್ದರೆ ಕಚ್ಚಿಸಿಕೊಂಡವರನ್ನು ಮಲಗಿಸಿ. ಕಾಲುಂಗುರ, ಗೆಜ್ಜೆ ಮೊದಲು ತೆಗೆಯಿರಿ, ಬಾತ ಮೇಲೆ ಬರುವುದಿಲ್ಲ. ಎರಡು ದಬ್ಬೆಗೆ ಸಿಬಿರು ಚುಚ್ಚದಂತೆ ಹಳೆ ಪಂಚೆ ಸುತ್ತಿ, ಕಾಲಿನ ಎರಡೂ ಬದಿಗಿಟ್ಟು, ಸೀರೆಯ ತುಂಡಿನಲ್ಲಿ ಕಟ್ಟಿ. ಕಟ್ಟಿನಡಿ ಬೆರಳು ಸಲೀಸಾಗಿ ತೂರಬೇಕು. ಕಾಲು ಅಲುಗಿದಷ್ಟೂ ವಿಷ ಬೇಗ ಮೈಗೆ ಹರಡುತ್ತದೆ, ಅದಕ್ಕೇ ಈ ದಬ್ಬೆ. ನಡೆಸಲೂ ಬೇಡಿ, ಕುರ್ಚಿಯಲ್ಲಿ ಕೂರಿಸಿ ಇಬ್ಬರು ರಸ್ತೆವರೆಗೆ ಹೊತ್ತು ತನ್ನಿ.

ನೆಟ್‌ವರ್ಕ್ ಸಿಗುವ ದಿಬ್ಬ ಯಾವುದೆಂದು ಪ್ರತಿ ಮನೆಗೂ ಗೊತ್ತಿರುತ್ತದೆ. ಒಬ್ಬರು ಅಲ್ಲಿಗೆ ಓಡಿ 108ಕ್ಕೆ ಹೇಳಲಿ, ವಿಷನಿರೋಧಕ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿದೆಯೆಂದೂ ಕೇಳಲಿ. ಮನೆ ಜೀಪಿದ್ದರೆ ಕಾಯದೆ ಹೊರಡಿ.

ಕಟ್ಟುಹಾವಿನ ಕಥೆ ಬೇರೆ. ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಜೋತ ರೆಪ್ಪೆ, ತೊದಲು ಮಾತು. ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂತವರನ್ನು ಏನೆನ್ನೋಣ! ನುಂಗಲು ಕಷ್ಟವಾದವರಿಗೆ ಏನನ್ನೂ ಕುಡಿಸಬಾರದು, ಮಗ್ಗುಲಿಗೆ ಮಲಗಿಸಿ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಆಸ್ಪತ್ರೆ ತಲುಪಿಸಿ. ಉಸಿರಾಟದ ಯಂತ್ರ ಹಾಕಿದರೆ ಎಷ್ಟೋ ಜನ ಬದುಕುತ್ತಾರೆ.

ಹಾವು ಹೊಡೆದು ಚೀಲದಲ್ಲಿ ತರುವ ಶೂರರಿದ್ದಾರೆ. ಬೇಡ, ಸತ್ತ ಹಾವೂ ಕಚ್ಚೀತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಔಷಧಿ ಒಂದೇ. ಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ವೈದ್ಯರು ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ನೋಡುತ್ತಾರೆ. ನೀವು ಹೇಳಬೇಕಾದದ್ದು ಕಚ್ಚಿದ ಹೊತ್ತು. ಏನೂ ಆಗಿಲ್ಲ ಅನಿಸಿದರೂ 24 ಗಂಟೆ ಅಲ್ಲೇ ಇರಿ. ಕೊಟ್ಟಿಗೆ ಕೆಲಸವನ್ನು ಪಕ್ಕದ ಮನೆಯವರು ನೋಡಿಕೊಂಡಾರು. ನಮಸ್ಕಾರ.