ಕೊನೆಯ ಸಾಲಿನ ಹಿಂದೆ

ಕೇಳುಗರಿಗೆ ನಮಸ್ಕಾರ. ನಾಟಕ, ಸಿನಿಮಾ, ಧಾರಾವಾಹಿಗಳ ನಿರ್ದೇಶನ ನನ್ನ ಕೆಲಸ.

"ನೀನು ಬಣ್ಣ ಹಚ್ಚುವುದಿಲ್ಲ, ಹಾಡುವುದಿಲ್ಲ. ಮತ್ತೆ ನಿನಗೆ ದುಡ್ಡು ಯಾತಕ್ಕೆ ಕೊಡುತ್ತಾರೆ?" ಎಂದು ನಮ್ಮ ತಾಯಿ ಕೇಳುತ್ತಿದ್ದರು. ನಾಟಕಕ್ಕೆ ಯಾರೂ ಕೊಡುತ್ತಿರಲಿಲ್ಲ. ಅದನ್ನು ಮಾತ್ರ ನಾನು ಬಾಯಿ ಬಿಟ್ಟಿರಲಿಲ್ಲ.

ಎರಡು ತಿಂಗಳ ತಾಲೀಮಿನಲ್ಲಿ ನಿರ್ದೇಶಕನೇ ದೊಡ್ಡವನು. ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿತೋ, ಅವನ ಮಾತು ಯಾರಿಗೂ ಬೇಡ. ಒಮ್ಮೆ ನಮ್ಮ ನಾಟಕದಲ್ಲಿ ನಟ ಜೇಬಿಗೆ ಕೈ ಹಾಕಿದರೆ ಓದಬೇಕಾದ ಕಾಗದವೇ ಇಲ್ಲ. ಒಂದು ಕ್ಷಣ ನಿಂತವನು ಬರಿಯ ಅಂಗೈಯನ್ನೇ ಬಿಡಿಸಿಕೊಂಡು ಇಡೀ ಕಾಗದವನ್ನು ಓದಿಬಿಟ್ಟ. ಪ್ರೇಕ್ಷಕರ ಕೊನೆಯ ಸಾಲಿನ ಹಿಂದೆ ನಿಂತಿದ್ದ ನಾನು ಬೆವೆತುಹೋಗಿದ್ದೆ. ಅಂದಿನ ಜೋರು ಚಪ್ಪಾಳೆ ಅದಕ್ಕೇ! ಮುಂದಿನ ಪ್ರದರ್ಶನಗಳಲ್ಲಿ ಕಾಗದವನ್ನು ತೆಗೆದೇಹಾಕಿದೆವು.

ಸಿನಿಮಾದಲ್ಲಿ ಆ ಅಂಗೈ ಕಾಣಬೇಕೋ, ಮುಖ ಕಾಣಬೇಕೋ ಎಂಬುದನ್ನು ನಿರ್ದೇಶಕ ನಿರ್ಧರಿಸಬೇಕು. ರಂಗದ ಮುಂದೆ ಕುಳಿತವರು ತಮಗೆ ಬೇಕಾದ ಕಡೆ ನೋಡುತ್ತಾರೆ, ತೆರೆಯ ಮುಂದೆ ಆ ಸ್ವಾತಂತ್ರ್ಯವಿಲ್ಲ. ರಂಗಭೂಮಿಯಿಂದ ಹೋದ ನನಗೆ ಈ ಅಧಿಕಾರ ಬಹಳ ದಿನ ಹೊರೆಯಾಗಿತ್ತು. ಸಂಕಲನದ ಮೇಜಿನ ಮುಂದೆ ಕುಳಿತಾಗಲೇ, ತೆಗೆಯದೆ ಬಿಟ್ಟ ಶಾಟ್ ಯಾವುದೆಂದು ತಿಳಿಯುತ್ತಿತ್ತು.

ನಾಟಕ, ಸಿನಿಮಾ, ಟಿವಿ ಮೂರೂ ಕಡೆ ಸಲೀಸಾಗಿ ಓಡಾಡಿದವರೆಂದರೆ ಶಂಕರ್ ನಾಗ್. ಮುಂಬೈಯ ರಂಗಭೂಮಿಯಿಂದ ಬಂದವರು, ಇಲ್ಲಿ ಚಿತ್ರಗಳನ್ನು ನಿರ್ದೇಶಿಸಿದರು, ಎಂಬತ್ತರ ದಶಕದಲ್ಲಿ ದೂರದರ್ಶನಕ್ಕಾಗಿ ಮಲೆನಾಡಿನ ಆಗುಂಬೆಯನ್ನೇ ಆರ್. ಕೆ. ನಾರಾಯಣರ ಕಥೆಗಳ ಊರಾದ ಮಾಲ್ಗುಡಿಯಾಗಿಸಿದರು. ಆ ಧಾರಾವಾಹಿಯಲ್ಲಿ ಕಥೆಗೊಂದು ಕೊನೆಯಿತ್ತು. ಮುಗಿದ ಮೇಲೆ ಅದನ್ನು ಎಳೆಯುವ ಹಂಗಿರಲಿಲ್ಲ.

ಇಂದಿನ ದೈನಂದಿನ ಧಾರಾವಾಹಿಯ ಪಾಡು ಬೇರೆ. ದಿನಕ್ಕೆ ಇಪ್ಪತ್ತು ನಿಮಿಷದಷ್ಟಾದರೂ ತೆಗೆಯಬೇಕು. ಸಂಭಾಷಣೆಯ ಹಾಳೆ ಸೆಟ್ಟಿಗೆ ಬರುವಷ್ಟರಲ್ಲಿ ಊಟದ ಹೊತ್ತು. ನಟಿ ರಜೆ ಕೇಳಿದರೆ ಸೊಸೆ ತವರಿಗೆ ಹೋಗಬೇಕು. ಇದನ್ನು ಕೀಳು ಕೆಲಸವೆನ್ನುವವರ ಜೊತೆ ನನಗೆ ಜಗಳವಿದೆ. ಇಪ್ಪತ್ತು ನಿಮಿಷದ ಆ ಅವಸರದಲ್ಲೂ ಅತ್ತೆಯ ಒಂದು ಮೌನವನ್ನು ಉಳಿಸಿಕೊಳ್ಳಬೇಕಾದರೆ ಕಸುಬು ಕೈಯಲ್ಲಿರಬೇಕು.

ಆದರೂ ಸಿನಿಮಾ, ಧಾರಾವಾಹಿ ಎರಡರಲ್ಲೂ ನನಗೆ ಕೆಮ್ಮು ಕೇಳಿಸುವುದಿಲ್ಲ. ನಾಟಕ ಸೊರಗಿದಾಗ ಜನ ಕೆಮ್ಮುತ್ತಾರೆ, ಕುರ್ಚಿ ಕಿರುಗುಟ್ಟುತ್ತದೆ, ಯಾರೋ ಬಾಗಿಲು ತೆರೆದು ಹೊರಗೆ ಹೋಗುತ್ತಾರೆ. ನಮ್ಮ ಮುಂದಿನ ನಾಟಕ ಬರುವ ತಿಂಗಳು. ಅಂದು ಕೂಡ ನಾನು ಕೊನೆಯ ಸಾಲಿನ ಹಿಂದೆ, ಆ ಬಾಗಿಲ ಪಕ್ಕದಲ್ಲೇ ನಿಂತಿರುತ್ತೇನೆ.

ನಮಸ್ಕಾರ.