ಕೋಡಿಂಗ್ ಬಿಟ್ಟರೆ ಕೋಡಿಂಗ್ ಮರೆಯುತ್ತಾ?

ಕೇಳುಗರೇ, ನಮಸ್ಕಾರ. ಮೈಸೂರಿನ ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಆಮೇಲೆ ಬಿಟ್ಟು ಮಂಡ್ಯದ ಊರಿಗೆ ಬಂದು ಕಬ್ಬು, ತೆಂಗು ನೋಡಿಕೊಂಡಿರುವವರಲ್ಲಿ ನಾನೂ ಒಬ್ಬ. ಮಕ್ಕಳಿಗಾಗಿ, ವಯಸ್ಸಾದ ಅತ್ತೆ ಮಾವನಿಗಾಗಿ ಕೆಲಸ ಬಿಟ್ಟ ಹೆಣ್ಣುಮಕ್ಕಳೂ ನಮ್ಮಲ್ಲಿದ್ದಾರೆ. ಸಿಕ್ಕಾಗೆಲ್ಲ ಬರುವ ಮಾತು ಒಂದೇ: ಕಲಿತದ್ದೆಲ್ಲ ಮರೆತು ಹೋಯಿತಾ?

ಸ್ವಲ್ಪ ಹೋಗುತ್ತೆ, ಸುಮ್ನೆ ಸಮಾಧಾನ ಹೇಳಲ್ಲ. ಮೊದಲು ಹೋಗುವುದು ಸಿಂಟ್ಯಾಕ್ಸ್, ಅಂದರೆ ಕೋಡ್ ಹೇಗೆ ಬರೆಯಬೇಕು ಅನ್ನೋ ವ್ಯಾಕರಣ. ಅದರ ಜೊತೆಗೆ, ನಾವು ಮರೆಯದೆ ಇಟ್ಟುಕೊಂಡದ್ದೂ ಹಳತಾಗಿರುತ್ತೆ. ಪೈಥಾನ್ ಅಂತ ಒಂದು ಪ್ರೋಗ್ರಾಂ ಭಾಷೆ ಇದೆ, ಅದರ ಹಳೇ ಆವೃತ್ತಿ ಪೈಥಾನ್ 2ರಲ್ಲಿ ಪ್ರಿಂಟ್ ಅಂತ ಬರೆದು ಪಕ್ಕದಲ್ಲಿ ಹೇಳಬೇಕಾದ್ದನ್ನು ಹಾಕಿದರೆ ಸಾಕಿತ್ತು, ಪೈಥಾನ್ 3ರಲ್ಲಿ ಬ್ರ್ಯಾಕೆಟ್ ಇಲ್ಲದಿದ್ದರೆ ಎರರ್. ಆ 2ಕ್ಕೆ 2020ರ ಜನವರಿ 1ರಿಂದ ಬೆಂಬಲವೇ ಇಲ್ಲ.

ಆದರೆ ತಪ್ಪು ಎಲ್ಲಿದೆ ಅಂತ ಹುಡುಕುವ ಬುದ್ಧಿ ಇದೆಯಲ್ಲ, ಅದು ಹೋಗಲ್ಲ. ಒಂದು ಸಲ ತೋಟದಲ್ಲಿ ಡ್ರಿಪ್ ನೀರು ಕೊನೆಯ ಸಾಲುಗಳಿಗೆ ಹೋಗುತ್ತಿರಲಿಲ್ಲ. ಮೋಟರ್ ಓಡುತ್ತಿದೆ, ಫಿಲ್ಟರ್ ತೊಳೆದಿದೆ. ಪಕ್ಕದ ತೋಟದ ಅಣ್ಣ, ‘ಮೊದಲ ಸಾಲಿಂದ ಒಂದೊಂದೇ ನೋಡ್ಕೊಂಡು ಹೋಗೋಣ ಕಣಪ್ಪ’ ಅಂದರು. ನಾನು ನೇರವಾಗಿ ನಡುವಿನ ಸಾಲಿಗೆ ಹೋಗಿ ಪೈಪಿನ ತುದಿ ಬಿಚ್ಚಿದೆ, ನೀರು ಚಿಮ್ಮಿತು, ಅಂದರೆ ಅಲ್ಲಿವರೆಗೆ ಸರಿಯಿದೆ, ಉಳಿದ ಅರ್ಧದ ನಡುವಿಗೆ ಹೋಗಿ ಮತ್ತೆ ಬಿಚ್ಚಿದೆ, ಅಲ್ಲಿ ಬರೀ ತೊಟ್ಟಿಕ್ಕುತ್ತಿತ್ತು. ಹೀಗೇ ಅರ್ಧರ್ಧ ಮಾಡುತ್ತಾ ಹೋದರೆ 64 ಸಾಲಿದ್ದರೂ 6 ಸಲ ನೋಡಿದರೆ ಸಾಕು. ಬೈನರಿ ಸರ್ಚ್ ಅಂತೀವಲ್ಲ, ಅದೇ. ಒಂದು ಜಾಯಿಂಟ್‌ನಲ್ಲಿ ಪಾಚಿ ಕಟ್ಟಿಕೊಂಡಿತ್ತು.

ಮರೆತದ್ದೂ ಪೂರ್ತಿ ಹೋಗಿರಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು ನೋಡಿದರು. ಎರಡನೇ ಸಲ ಕಲಿಯೋಕೆ ಮೊದಲಿನಷ್ಟು ಹೊತ್ತು ಬೇಕಾಗಲಿಲ್ಲ. ಇದನ್ನು ಅವರು ಪ್ರಕಟಿಸಿದ್ದು 1885ರಲ್ಲಿ.

ಹಳೆಯ ವಿದ್ಯೆಗೂ ಕರೆ ಬರುತ್ತೆ. ಕೋಬಾಲ್ ಭಾಷೆ ಶುರುವಾದದ್ದು 1959ರಲ್ಲಿ. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಮುಗಿಬಿದ್ದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್, ಹಳೇ ಸರ್ಕಾರಿ ಕಂಪ್ಯೂಟರ್‌ಗಳು ಇನ್ನೂ ಇದೇ ಭಾಷೆಯಲ್ಲಿ ಓಡುತ್ತಿದ್ದರಿಂದ, ಕೋಬಾಲ್ ಬಲ್ಲವರು ಬೇಕು ಅಂತ ಬಹಿರಂಗವಾಗಿ ಕೇಳಿದರು.

ಮನೆಯಲ್ಲಿ ಕೂತು ‘ನನ್ನಿಂದ ಇನ್ನಾಗಲ್ಲ’ ಅಂದುಕೊಂಡಿರುವ ಅಕ್ಕಂದಿರಿಗೆ, ಅಣ್ಣಂದಿರಿಗೆ ನನ್ನದೊಂದು ಮಾತು. ಹೊಸ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು, ನೀವೇ ಬರೆದ ಹಳೇ ಪ್ರೋಗ್ರಾಂ ಒಂದನ್ನು ತೆಗೆದು ಓಡಿಸಿ. ಓಡಲ್ಲ, ಬೇಜಾರು ಬೇಡ. ಪೈಥಾನ್ ಆಗಿದ್ದರೆ ಎರರ್‌ನ ಕೊನೇ ಸಾಲನ್ನು ಮೊದಲು ಓದಿ, ಅಲ್ಲಿಂದ ಮೇಲಕ್ಕೆ ಹೋಗಿ.