ಕೈಗೆ ತಿಳಿಯುವ ಕಾಕ್‌ಪಿಟ್

ಎಲ್ಲರಿಗೂ ನಮಸ್ಕಾರ. ಈ ಸಭಾಂಗಣಕ್ಕೆ ಬರುವ ಮೊದಲು, ಪಕ್ಕದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಕಟ್ಟಿರುವ, ನೆಲದ ಮೇಲೆಯೇ ವಿಮಾನ ಹಾರಿಸುವ ಅಭ್ಯಾಸ ಮಾಡಿಸುವ ಸಿಮ್ಯುಲೇಟರಿನಲ್ಲಿ ಕುಳಿತು ನೋಡಿದೆ. ಮೂರು ಪರದೆ, ಒಳ್ಳೆಯ ಆಸನ, ಗಟ್ಟಿಮುಟ್ಟಾದ ಪೆಡಲುಗಳು. ಆದರೆ ಫಲಕದ ಮೇಲಿನ ಸ್ವಿಚ್ಚುಗಳೆಲ್ಲ ಒಂದೇ ಆಕಾರದವು, ಒಂದೇ ಸಾಲಿನಲ್ಲಿವೆ. ಇವತ್ತು ನಾನು ಹೇಳಬೇಕಾದದ್ದು ಅದನ್ನೇ ಕುರಿತು. ಪೈಲಟ್‌ನ ಕಣ್ಣು ಹೊರಗಿರುವಾಗ, ತಾನು ಹಿಡಿದದ್ದು ಏನೆಂದು ಅವನ ಕೈಗೆ ತಿಳಿಯಬೇಕು.

ಬಿ-17 ಬಾಂಬರ್‌ನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೂ ಹೇಳುತ್ತೇನೆ, ಏಕೆಂದರೆ ನನಗೆ ಅದು ಎಷ್ಟು ಹೇಳಿದರೂ ಸಾಲದು. ಎರಡನೆಯ ಮಹಾಯುದ್ಧದ ಕಾಲ. ನೆಲಕ್ಕೆ ಸುರಕ್ಷಿತವಾಗಿ ಇಳಿದ ವಿಮಾನ ರನ್‌ವೇಯಲ್ಲಿ ಓಡುತ್ತಿರುವಾಗಲೇ ಚಕ್ರ ಮಡಚಿಕೊಂಡು ಹೊಟ್ಟೆಯ ಮೇಲೆ ಕೂರುತ್ತಿತ್ತು. ಎಂಜಿನ್ ಕೆಟ್ಟಿರಲಿಲ್ಲ, ಗುಂಡು ತಗಲಿರಲಿಲ್ಲ. ವರದಿಗಳಲ್ಲಿ ‘ಪೈಲಟ್ ದೋಷ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇದನ್ನು ಪರಿಶೀಲಿಸಲು ಬಂದವರು ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ. ಅವರು ಪೈಲಟ್‌ಗಳ ಬುದ್ಧಿಯನ್ನು ಅಳೆಯುವ ಬದಲು ಕಾಕ್‌ಪಿಟ್‌ ಅನ್ನು ನೋಡಿದರು. ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿಸುವ ಪಟ್ಟಿಗಳಾದ ಫ್ಲ್ಯಾಪ್‌ಗಳ ಸ್ವಿಚ್ಚೂ ಚಕ್ರದ ಸ್ವಿಚ್ಚೂ ಅಕ್ಕಪಕ್ಕದಲ್ಲಿದ್ದವು, ನೋಡಲು ಒಂದೇ ತರಹ ಇದ್ದವು. ದಣಿದ ಕೈ ಫ್ಲ್ಯಾಪ್ ಎತ್ತಲು ಹೋಗಿ ಚಕ್ರ ಎತ್ತುತ್ತಿತ್ತು. ಇವೆರಡೂ ಬೇರೆ ಬೇರೆ ರೀತಿಯಲ್ಲಿದ್ದ ಸಿ-47 ಸಾಗಣೆ ವಿಮಾನದಲ್ಲಿ ಈ ತೊಂದರೆ ಇರಲಿಲ್ಲ. ಚಪಾನಿಸ್ ಸೂಚಿಸಿದ ಪರಿಹಾರವಾದರೂ ಎಂಥದು! ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್ ಹಿಡಿಗೆ ರೆಕ್ಕೆಯಂತೆ ಚಪ್ಪಟೆಯಾದ ತುದಿ. ಇಂದು ಅಮೆರಿಕದ ವಿಮಾನಯಾನ ನಿಯಮಗಳಲ್ಲಿಯೇ ಈ ಆಕಾರಗಳು ಸೇರಿಹೋಗಿವೆ.

ಶಿರಾಡಿ ಘಾಟಿಯ ತಿರುವಿನಲ್ಲಿ ಗೇರ್ ಬದಲಿಸುವ ಬಸ್ ಚಾಲಕ ಗೇರ್ ಕೋಲನ್ನು ನೋಡುತ್ತಾನೆಯೇ? ಸಕಲೇಶಪುರದ ಕಡೆಯವರು ಇಲ್ಲಿದ್ದೀರಿ, ನೀವೇ ಹೇಳಿ.

ಇನ್ನು ಮನೆಯ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಮೌಸ್ ಹಿಡಿದು ಹಾರಿಸುವವರ ಪಾಡು. ನಿಜವಾದ ವಿಮಾನದಲ್ಲಿ ಎರಡು ಬೆರಳಲ್ಲಿ ತಿರುಗಿಸುವ ಗುಂಡಿ, ಅಂದರೆ ನಾಬ್, ಪರದೆಯ ಮೇಲೆ ಕಡಲೆಕಾಳಿನಷ್ಟಾಗಿರುತ್ತದೆ. ಅದರ ಎಡಭಾಗ ಒತ್ತಿದರೆ ಒಂದು ಕಡೆ, ಬಲಭಾಗ ಒತ್ತಿದರೆ ಇನ್ನೊಂದು ಕಡೆ. ಗಾಳಿಯ ಕುಲುಕಾಟದಲ್ಲಿ ಚಿತ್ರ ಅಲುಗಿತೆಂದರೆ ಬಾಣದ ಗುರುತು ಪಕ್ಕದ ನಾಬ್ ಮೇಲೆ! ‘ನಿಜವಾದ ವಿಮಾನವೂ ಕಷ್ಟವೇ ಅಲ್ಲವೇ, ಸಿಮ್ಯುಲೇಟರ್ ಏಕೆ ಸುಲಭವಾಗಬೇಕು’ ಎಂದು ವಾದಿಸುವವರಿದ್ದಾರೆ. ಅಡ್ಡಗಾಳಿಯಲ್ಲಿ ಇಳಿಸುವುದು ಕಷ್ಟ, ಆ ಕಷ್ಟ ಹಾಗೆಯೇ ಇರಲಿ, ಕಲಿಯಬೇಕಾದದ್ದು ಅದನ್ನೇ. ಆದರೆ ಚುಕ್ಕೆಯಷ್ಟು ಜಾಗಕ್ಕೆ ಗುರಿಯಿಟ್ಟು ಕ್ಲಿಕ್ ಮಾಡುವ ಕಷ್ಟ ಯಾವ ವಿಮಾನದಲ್ಲಿದೆ? ಅದನ್ನು ಪಳಗಿಸಿಕೊಂಡವನು ಪೈಲಟ್ ಆಗುವುದಿಲ್ಲ, ಮೌಸ್ ನಿಪುಣನಾಗುತ್ತಾನೆ.

ಆದ್ದರಿಂದ ತಂತ್ರಾಂಶ ಬರೆಯುವವರಿಗೆ ನನ್ನ ಬೇಡಿಕೆ: ನಾಬ್‌ನ ಚಿತ್ರಕ್ಕಿಂತ ಅದನ್ನು ಕ್ಲಿಕ್ ಮಾಡುವ ಜಾಗ ದೊಡ್ಡದಿರಲಿ. ಮೌಸ್‌ನ ಚಕ್ರ ಉರುಳಿಸಿದರೆ ನಾಬ್ ತಿರುಗಲಿ. ದಿಕ್ಕು ಸೂಚಿಸುವ ನಾಬ್ ಮೌಸ್ ಚಕ್ರದ ಒಂದು ಹಲ್ಲಿಗೆ ಒಂದು ಡಿಗ್ರಿ ಚಲಿಸಿದರೆ ಉತ್ತರದಿಂದ ದಕ್ಷಿಣಕ್ಕೆ 180 ಹಲ್ಲು ಉರುಳಿಸಬೇಕು. ಬೇಗ ಉರುಳಿಸಿದಾಗ ಹತ್ತು ಹತ್ತು ಡಿಗ್ರಿ ಹಾರಲಿ, ನಿಧಾನಿಸಿದಾಗ ಒಂದೊಂದೇ ಸರಿಯಲಿ.

ನಿಜವಾದ ನಾಬ್ ಕೂರಿಸುವವರಿಗೂ ಒಂದು ಮಾತು. ಕೊನೆಮೊದಲಿಲ್ಲದೆ ಸುತ್ತುವ ದಿಕ್ಕಿನ ನಾಬ್‌ಗೆ ಎಷ್ಟು ಹೆಜ್ಜೆ ತಿರುಗಿತೆಂದು ತಿಳಿಸುವ ಎನ್‌ಕೋಡರ್ ಬೇಕು. ಎರಡು ತುದಿಗಳ ನಡುವೆ ಓಡಾಡುವ, ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್‌ಗೆ, ಹಿಡಿ ಎಲ್ಲಿದೆ ಎಂದು ತಿಳಿಸುವ ಪೊಟೆನ್ಷಿಯೋಮೀಟರ್ ಸಾಕು. ಕೆಲವು ಎನ್‌ಕೋಡರ್‌ಗಳು ಬೆರಳಿಗೆ ತಿಳಿಯುವ ಒಂದು ‘ಕಟ್’ಗೆ ನಾಲ್ಕು ಸಲ ಸಂಕೇತ ಬದಲಿಸುತ್ತವೆ, ಕೆಲವು ಎರಡು ಸಲ. ಆ ಲೆಕ್ಕ ತಪ್ಪಿದರೆ ಬೆರಳು ಒಂದು ಹೇಳುತ್ತದೆ, ಪರದೆ ಇನ್ನೊಂದು ಹೇಳುತ್ತದೆ. ಮತ್ತೆ ಅದೇ ಮಾತಿಗೆ ಬಂದೆ: ಕೈಗೆ ತಿಳಿಯಬೇಕು, ತಿಳಿದದ್ದು ನಿಜವಾಗಿರಬೇಕು.

ಸಂಘಟಕರು ಚೀಟಿ ಕಳುಹಿಸಿದ್ದಾರೆ, ಊಟದ ಸಮಯವಂತೆ. ಬೆರಳು ನಡುಗುವ ಹಿರಿಯರ ಬಗ್ಗೆ, ಒಂದೇ ಕೈಯಲ್ಲಿ ಹಾರಿಸುವವರ ಬಗ್ಗೆ ವಿವರವಾಗಿ ಮಾತನಾಡಬೇಕೆಂದಿದ್ದೆ. ಇಷ್ಟಾದರೂ ಹೇಳಿಬಿಡುತ್ತೇನೆ: ಪ್ರತಿಯೊಂದು ನಿಯಂತ್ರಣವನ್ನೂ ಬಳಸುವವರು ತಮಗೆ ಬೇಕಾದ ಕೀಬೋರ್ಡ್ ಕೀಲಿಗೆ ಬದಲಿಸಿಕೊಳ್ಳುವಂತಿರಲಿ. ಹೆಲಿಕಾಪ್ಟರ್, ವಿಮಾನ ಎಂದರೆ ದೂರದ ಕನಸಾಗಿದ್ದ ಈ ಹಾಸನ ಜಿಲ್ಲೆಯ ಗೊರೂರಿನಿಂದ ಹೋದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಸಂಸ್ಥೆಯ ಮೂಲಕ ಆಕಾಶವನ್ನು ಸಾಮಾನ್ಯರಿಗೆ ತೆರೆದರು. ಅಭ್ಯಾಸದ ಆಸನವೂ ಎಲ್ಲರಿಗೂ ತೆರೆದಿರಬೇಕು.

ಪ್ರಯೋಗಾಲಯದ ಹುಡುಗ ಹುಡುಗಿಯರೇ, ನಿಮ್ಮಲ್ಲಿ ತ್ರೀಡಿ ಪ್ರಿಂಟರ್ ಇದೆ. ಊಟವಾದ ಮೇಲೆ ಒಂದು ಪುಟ್ಟ ಚಕ್ರ, ಒಂದು ಪುಟ್ಟ ರೆಕ್ಕೆ ಅಚ್ಚು ಹಾಕಿ ನಿಮ್ಮ ಫಲಕದ ಚಕ್ರದ ಸ್ವಿಚ್ಚಿಗೂ ಫ್ಲ್ಯಾಪ್ ಸ್ವಿಚ್ಚಿಗೂ ಅಂಟಿಸಿ. ನಾನು ಸಂಜೆಯವರೆಗೆ ಇಲ್ಲಿಯೇ ಇರುತ್ತೇನೆ, ಪರೀಕ್ಷಿಸಿ ನೋಡೋಣ. ಮೂರನೆಯ ಸಾಲಿನಲ್ಲಿ ಆಗಿನಿಂದ ಕೈ ಎತ್ತಿದ್ದೀರಿ, ಕೇಳಮ್ಮ.